ಚೆಂಡನ್ನು ಬಿಡಿ, ಹಿಡಿಯುವವನನ್ನು ನೋಡಿ: ಅಮೆರಿಕನ್ ಫುಟ್‌ಬಾಲ್‌ನ ಒಬ್ಬ ರಕ್ಷಣಾ ಆಟಗಾರನ ಬೆನ್ನು ಹತ್ತುವುದು ಹೇಗೆ

ಅಮೆರಿಕನ್ ಫುಟ್‌ಬಾಲ್ ನೋಡಲು ಕಲಿಯಬೇಕು ಅಂತ ಇದ್ದರೆ ಮೊದಲು ತಂಡ ಹುಡುಕಬೇಡಿ, ಒಬ್ಬ ಆಟಗಾರನನ್ನು ಹುಡುಕಿ. ಅವನು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗುವುದು ಬೇಡ. ಕ್ವಾರ್ಟರ್‌ಬ್ಯಾಕ್‌ನ ಮುಖ ಹೇಗೂ ಎಲ್ಲ ಜಾಹೀರಾತಿನಲ್ಲೂ ಇರುತ್ತದೆ. ಅವನನ್ನು ಕೆಡವಲು ಬರುತ್ತಾರಲ್ಲ, ಅವರಲ್ಲಿ ಒಬ್ಬನನ್ನು ಆರಿಸಿಕೊಳ್ಳಿ. ಅವನು ಯಾವ ದಾರಿಯಲ್ಲಿ ಬಂದ, ಎಲ್ಲಿ ನಿಲ್ಲುತ್ತಾನೆ, ಸಂಬಳ ಎಷ್ಟು, ಮೊಣಕಾಲು ಹೇಗಿದೆ ಅಂತ ಒಂದೆರಡು ಸೀಸನ್ ಬೆನ್ನು ಬಿಡದೆ ನೋಡಿ. ಆಟ ತಾನಾಗಿಯೇ ಅರ್ಥ ಆಗುತ್ತದೆ.

ನಾನು ಬದಿಯಡ್ಕದ ಕಡೆಯವನು. ಅಡಿಕೆ ತೋಟ ಇದೆ. ಪ್ರಾಯದಲ್ಲಿ ಕಬಡ್ಡಿ ಆಡುತ್ತಿದ್ದೆ, ಎಡ ಕಾರ್ನರ್. ನಮ್ಮ ಜಿಲ್ಲೆಯಲ್ಲಿ ಫುಟ್‌ಬಾಲ್ ಅಂದರೆ ಸೆವೆನ್ಸ್, ತಲಾ ಏಳು ಮಂದಿ ಕಾಲಲ್ಲಿ ಆಡುವ ಆಟ. ವಿಶ್ವಕಪ್ ಬಂತೆಂದರೆ ಉಪ್ಪಳದಿಂದ ಕಾಸರಗೋಡಿನವರೆಗೆ ರಸ್ತೆ ಬದಿಯಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಫ್ಲೆಕ್ಸ್‌ಗಳು. ಇಂಥ ಊರಲ್ಲಿ ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಕಂಕುಳಲ್ಲಿ ಇಟ್ಟು ಓಡುವುದನ್ನು ಫುಟ್‌ಬಾಲ್ ಅಂದರೆ ಯಾರು ಒಪ್ಪುತ್ತಾರೆ? ನಾನೂ ಒಪ್ಪಿರಲಿಲ್ಲ. ತಂಗಿಯ ಮಗ ಪಿಟ್ಸ್‌ಬರ್ಗ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ವಾಟ್ಸಾಪ್‌ನಲ್ಲಿ ವಿಡಿಯೋ ತುಣುಕು ಕಳಿಸಲು ಶುರು ಮಾಡಿದ. "ಮಾವ, 90 ನಂಬರಿನವನನ್ನು ಮಾತ್ರ ನೋಡಿ. ಅವನೂ ನಿಮ್ಮ ಹಾಗೆ ಎಡಬದಿಯವನೇ" ಅಂದ.

ಆ 90 ನಂಬರಿನವನು ಟಿ.ಜೆ. ವಾಟ್. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಲೈನ್‌ಬ್ಯಾಕರ್. ಹೆಚ್ಚು ಕಡಿಮೆ ಎಲ್ಲ ಸಲವೂ ತನ್ನ ತಂಡದ ಎಡಬದಿಯಿಂದಲೇ ನುಗ್ಗುತ್ತಾನೆ. ಎಡ ಕಾರ್ನರ್ ಆಡಿದವನಿಗೆ ಅದರ ಕಷ್ಟ ಸುಖ ಹೇಳಿಕೊಡಬೇಕಾ? ಅಲ್ಲಿಂದ ನನಗೆ ಹುಚ್ಚು ಹತ್ತಿತು.

ನಿಯಮ ಇಷ್ಟು ಗೊತ್ತಿದ್ದರೆ ಸಾಕು. ಎರಡೂ ಕಡೆ 11 ಮಂದಿ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಆ ನಾಲ್ಕರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತದೆ. ಹೋಗದಿದ್ದರೆ ಚೆಂಡು ಎದುರಿನವರಿಗೆ. ಕಬಡ್ಡಿ ಅಂಕಣದ ಅಗಲ 10 ಮೀಟರ್ ಅಲ್ವಾ, 10 ಗಜ ಅದಕ್ಕಿಂತಲೂ ಕಡಿಮೆ, 9.14 ಮೀಟರ್. ಇಷ್ಟು ಜಾಗಕ್ಕೆ ಇಷ್ಟೆಲ್ಲ ಗುದ್ದಾಟ. ಇನ್ನೊಂದು ಮಾತು: ದಾಳಿ ಮಾಡುವ 11 ಮಂದಿ ಬೇರೆ, ತಡೆಯುವ 11 ಮಂದಿ ಬೇರೆ. ಚೆಂಡು ಕೈ ಬದಲಾದ ಕೂಡಲೇ ಒಂದು ಗುಂಪು ಹೊರಗೆ, ಇನ್ನೊಂದು ಒಳಗೆ. ಹಾಗಾಗಿ ರಕ್ಷಣೆ ಅನ್ನುವುದು ಪೂರ್ತಿ ಬೇರೆಯದೇ ಉದ್ಯೋಗ. ಅದರಲ್ಲೇ ಹುಟ್ಟಿ, ಅದರಲ್ಲೇ ನಿವೃತ್ತಿ. ಉಳಿದ ನಿಯಮ ನೋಡುತ್ತಾ ಬರುತ್ತದೆ, ಬಾಯಿಪಾಠ ಮಾಡಬೇಡಿ.

ಅವನು ಎಲ್ಲಿ ನಿಲ್ಲುತ್ತಾನೆ

ನಿಮ್ಮ ಆಟಗಾರ ನಿಲ್ಲುವ ಜಾಗ ಮೊದಲು ಗೊತ್ತಾಗಬೇಕು. ಚೆಂಡಿಗೆ ಎದುರಾಗಿ ಕೈ ನೆಲಕ್ಕೂರಿ ಬಗ್ಗುವ ದಪ್ಪ ದಪ್ಪ ಜನ ಡಿಫೆನ್ಸಿವ್ ಲೈನಿನವರು. ಅವರಲ್ಲಿ ನಡುವಿನವರು ಟ್ಯಾಕಲ್, ತುದಿಯವರು ಎಂಡ್. ಅವರ ಹಿಂದೆ ಲೈನ್‌ಬ್ಯಾಕರ್‌ಗಳು. ದೂರ ಓಡಿ ಪಾಸ್ ಹಿಡಿಯುವವರಿಗೆ ನೆರಳಿನ ಹಾಗೆ ಅಂಟಿಕೊಳ್ಳುವವರು ಕಾರ್ನರ್‌ಬ್ಯಾಕ್. ಎಲ್ಲರಿಗಿಂತ ಹಿಂದೆ ಸೇಫ್ಟಿ. ತುದಿಯಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರಿಗೆ ಈಗೀಗ ಎಲ್ಲರೂ ಎಡ್ಜ್ ಅಂತಲೇ ಹೇಳುತ್ತಾರೆ. ವಾಟ್ ಲೈನ್‌ಬ್ಯಾಕರ್ ಅಂತ ಪಟ್ಟಿಯಲ್ಲಿದ್ದರೂ ಕೆಲಸ ಎಡ್ಜಿನದ್ದು.

ಕಬಡ್ಡಿ ಗೊತ್ತಿದ್ದವರಿಗೆ ಇಲ್ಲಿ ಅರ್ಧ ಕೆಲಸ ಮುಗಿದ ಹಾಗೆ. ಕಾರ್ನರ್ ಕಾಲು ಹಿಡಿಯುತ್ತಾನೆ. ಆ ಕ್ಷಣಕ್ಕೆ ಕವರ್ ಬಂದು ಮೇಲೆ ಬೀಳದಿದ್ದರೆ ರೈಡರ್ ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ. ಪಾಯಿಂಟ್ ಮಾತ್ರ ಒಬ್ಬನ ಹೆಸರಿಗೆ. ಅಲ್ಲಿಯೂ ಅದೇ ಕತೆ. ನಡುವಿನ ಟ್ಯಾಕಲ್ ಇಬ್ಬರು ಎದುರಾಳಿಗಳನ್ನು ತನ್ನ ಮೈಮೇಲೆ ಎಳೆದುಕೊಂಡು ನಿಲ್ಲುತ್ತಾನೆ. ಅದರಿಂದ ಬಿಟ್ಟ ಸಂದಿಯಲ್ಲಿ ಲೈನ್‌ಬ್ಯಾಕರ್ ನುಗ್ಗಿ ಕೆಡವುತ್ತಾನೆ. ಟಿವಿಯಲ್ಲಿ ಲೈನ್‌ಬ್ಯಾಕರ್ ಎದೆ ಬಡಿದುಕೊಳ್ಳುವುದು ಕಾಣುತ್ತದೆ. ಟ್ಯಾಕಲ್ ಆಗ ಇನ್ನೂ ನೆಲದಿಂದ ಎದ್ದಿರುವುದಿಲ್ಲ.

ನೋಡುವ ಕ್ರಮ ಹೀಗೆ. ಆಟ ಶುರುವಾಗುವ ಮೊದಲೇ ಕಣ್ಣು ನಿಮ್ಮವನ ಮೇಲೆ ಇರಲಿ. ಚೆಂಡು ಅಲುಗಿದ ಕೂಡಲೇ ಅವನ ಮೊದಲ ಹೆಜ್ಜೆ ನೋಡಿ. ಎಲ್ಲರಿಗಿಂತ ಮೊದಲು ಹೊರಟನಾ? ಎದುರಿನವನ ಕೈ ತಟ್ಟಿ ಬಿಸಾಡಿದನಾ, ಹೊರಗಿನಿಂದ ಸುತ್ತು ಹಾಕಿದನಾ, ಇಲ್ಲ ಹೊರಗೆ ಹೋಗುವ ಹಾಗೆ ತೋರಿಸಿ ಒಳಗೆ ತಿರುಗಿದನಾ? ಇದೆಲ್ಲ ಎರಡು ಮೂರು ಸೆಕೆಂಡಿನ ಆಟ. ಆಮೇಲೆ ಬೇಕಾದರೆ ಚೆಂಡು ಎಲ್ಲಿ ಹೋಯಿತು ಅಂತ ನೋಡಿ, ಹೇಗೂ ರಿಪ್ಲೇ ಹಾಕುತ್ತಾರೆ. ಮೊದಲ ಬಾರಿಗೆ ನೋಡುವವರು ಲೈನಿನವನನ್ನೋ ಎಡ್ಜನ್ನೋ ಆರಿಸಿಕೊಳ್ಳುವುದು ಒಳ್ಳೆಯದು. ಕಾರ್ನರ್‌ಬ್ಯಾಕ್, ಸೇಫ್ಟಿ ಆದರೆ ಅರ್ಧ ಹೊತ್ತು ಕ್ಯಾಮೆರಾದಲ್ಲೇ ಇರುವುದಿಲ್ಲ. ಆಲ್-22 ಅಂತ ಮೇಲಿನಿಂದ ತೆಗೆದ ದೃಶ್ಯ ಸಿಕ್ಕಿದರೆ ಮಾತ್ರ 22 ಮಂದಿಯೂ ಒಟ್ಟಿಗೆ ಕಾಣುತ್ತಾರೆ.

ಯಾವ ಬಾಗಿಲಿನಿಂದ ಬಂದ

ನನಗೆ ತುಂಬಾ ಇಷ್ಟದ ಭಾಗ ಇದು. ಈ ಆಟದ ದೊಡ್ಡ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಅದರಲ್ಲಿ 32 ತಂಡ. ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಡ್ರಾಫ್ಟ್, ಅಂದರೆ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಹೋದ ಸೀಸನ್‌ನಲ್ಲಿ ತೀರಾ ಸೋತ ತಂಡಕ್ಕೆ ಮೊದಲ ಆಯ್ಕೆ. ಒಟ್ಟು ಏಳು ಸುತ್ತು, ಸುಮಾರು 250 ಹುಡುಗರು. ಹೈಸ್ಕೂಲು ಮುಗಿಸಿ ಮೂರು ವರ್ಷ ಆಗದೆ ಯಾರೂ ಬರುವ ಹಾಗಿಲ್ಲ. ಹಾಗಾಗಿ ಹೆಚ್ಚಿನವರು ಕಾಲೇಜಿನಲ್ಲಿ ಆಡಿಯೇ ಬರುವುದು. ಅದಕ್ಕೂ ಮೊದಲು ಇಂಡಿಯಾನಪೊಲಿಸ್‌ನಲ್ಲಿ ಕಂಬೈನ್ ಅಂತ ಒಂದು ಪರೀಕ್ಷೆ. 40 ಗಜ ಓಡಿಸುತ್ತಾರೆ. 225 ಪೌಂಡ್, ಅಂದರೆ 102 ಕಿಲೋ ಭಾರವನ್ನು ಬೆಂಚಿನ ಮೇಲೆ ಮಲಗಿ ಎಷ್ಟು ಸಲ ಎತ್ತುತ್ತಾನೆ ಅಂತ ಎಣಿಸುತ್ತಾರೆ. ಎತ್ತರ, ಕೈಯ ಉದ್ದ, ಅಂಗೈಯ ಅಗಲ, ಎಲ್ಲಕ್ಕೂ ಟೇಪು.

ನಿಮ್ಮವನ ಹೆಸರಿನ ಪಕ್ಕದಲ್ಲಿ ಡ್ರಾಫ್ಟ್ ಆದ ವರ್ಷ ಮತ್ತು ಎಷ್ಟನೆಯವನು ಅನ್ನುವುದನ್ನು ಬರೆದುಕೊಳ್ಳಿ. ಲಾರೆನ್ಸ್ ಟೇಲರ್ 1981ರಲ್ಲಿ ಎರಡನೆಯವನು. ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಬಂದು ಲೈನ್‌ಬ್ಯಾಕರ್ ಕೆಲಸವನ್ನೇ ಬದಲಾಯಿಸಿದ. 1986ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ತೆಗೆದುಕೊಂಡ. ರಕ್ಷಣಾ ಆಟಗಾರರಿಗೆ ಅದು ಸಿಕ್ಕಿದ್ದೇ ಎರಡು ಸಲ, ಇನ್ನೊಬ್ಬ 1971ರ ಅಲನ್ ಪೇಜ್. ಪೇಜ್ ಬಗ್ಗೆ ಕೊನೆಗೆ ಹೇಳುತ್ತೇನೆ.

ಆರನ್ ಡೊನಾಲ್ಡ್ 2014ರಲ್ಲಿ 13ನೆಯವನು. ನಡುವಿನ ಟ್ಯಾಕಲ್‌ಗೆ ಗಿಡ್ಡ, ಭಾರವೂ ಸಾಲದು ಅಂದರು. 6 ಅಡಿ 1 ಇಂಚಿಗೂ ಸ್ವಲ್ಪ ಕಮ್ಮಿ, 285 ಪೌಂಡ್. ನಮ್ಮ ಲೆಕ್ಕದಲ್ಲಿ 129 ಕಿಲೋ. ಆ ಮೈ ಇಟ್ಟುಕೊಂಡು 40 ಗಜವನ್ನು 4.68 ಸೆಕೆಂಡಿನಲ್ಲಿ ಓಡಿದ, ಆ 102 ಕಿಲೋವನ್ನು 35 ಸಲ ಎತ್ತಿದ. ಆಮೇಲೆ 2017, 2018, 2020 ಮೂರು ಸಲ ವರ್ಷದ ರಕ್ಷಣಾ ಆಟಗಾರ. ಗಿಡ್ಡ ಅಂದವರು ಈಗ ಏನು ಹೇಳುತ್ತಾರೋ.

ಡ್ರಾಫ್ಟಿನಲ್ಲಿ ಯಾರೂ ಕರೆಯದವರೂ ಇದ್ದಾರೆ. ಜೇಮ್ಸ್ ಹ್ಯಾರಿಸನ್‌ನನ್ನು 2002ರಲ್ಲಿ ಯಾವ ತಂಡವೂ ಆರಿಸಲಿಲ್ಲ. ಸ್ಟೀಲರ್ಸ್ ಸೇರಿಸಿಕೊಂಡರು, ತೆಗೆದರು, ಮತ್ತೆ ಸೇರಿಸಿಕೊಂಡರು, ಮತ್ತೆ ತೆಗೆದರು. ನಡುವೆ ಇನ್ನೊಂದು ತಂಡವೂ ಕೈಬಿಟ್ಟಿತು. 2008ರಲ್ಲಿ ಅದೇ ಹ್ಯಾರಿಸನ್ ವರ್ಷದ ರಕ್ಷಣಾ ಆಟಗಾರ. ಆ ಸೀಸನ್ನಿನ ಸೂಪರ್ ಬೌಲ್‌ನಲ್ಲಿ, ಅಂದರೆ ಫೈನಲ್ಲಿನಲ್ಲಿ, ತನ್ನ ಗೋಲು ಗೆರೆಯ ಹತ್ತಿರ ಎದುರಿನವರ ಪಾಸ್ ಹಿಡಿದು ಮೈದಾನದ ಆ ತುದಿಯವರೆಗೆ ಓಡಿದ. ಪೂರಾ 100 ಗಜ. ಇಷ್ಟು ದಪ್ಪ ಮನುಷ್ಯ ಅಷ್ಟು ದೂರ ಓಡಿ, ಮುಟ್ಟಿದ ಮೇಲೆ ಎದ್ದೇಳಲು ಆಗದೆ ಮಲಗಿಬಿಟ್ಟದ್ದು ಈಗಲೂ ಯೂಟ್ಯೂಬ್‌ನಲ್ಲಿ ಇದೆ. ಮೊದಲು ಅದನ್ನು ನೋಡಿ, ಆಮೇಲೆ ಬೇರೆ ವಿಷಯ.

ಮಾಲ್ಕಮ್ ಬಟ್ಲರ್ ಕೂಡ ಹಾಗೆಯೇ. 2014ರಲ್ಲಿ ಕರೆ ಬಾರದ ಕಾರ್ನರ್‌ಬ್ಯಾಕ್. ಹಿಂದೆ ಒಂದು ಚಿಕನ್ ಅಂಗಡಿಯಲ್ಲಿ ಕೆಲಸ ಮಾಡಿದವನು. ಆ ಮೊದಲ ಸೀಸನ್ನಿನ ಸೂಪರ್ ಬೌಲ್‌ನ ಕೊನೆಯ ಕ್ಷಣದಲ್ಲಿ, ಎದುರಿನವರು ಗೋಲು ಗೆರೆಗೆ ಒಂದು ಗಜ ದೂರದಲ್ಲಿದ್ದಾಗ, ಅವರ ಪಾಸ್ ಕಿತ್ತುಕೊಂಡು ಪಂದ್ಯ ಗೆಲ್ಲಿಸಿದ.

ನಮ್ಮವರು ಕೇಳುವ ಪ್ರಶ್ನೆ ಬೇರೆ. ಸಣ್ಣಂದಿನಲ್ಲಿ ಆಡದವನು ಅಲ್ಲಿಗೆ ಹೋಗಬಹುದಾ? ಹೋದವರಿದ್ದಾರೆ. ಎಝೆಕಿಯಲ್ ಆನ್ಸಾ ಘಾನಾದ ಆಕ್ರಾದವನು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಓದಲು ಹೋದ. ಮೊದಲು ಬಾಸ್ಕೆಟ್‌ಬಾಲ್‌ಗೆ ಪ್ರಯತ್ನ ಮಾಡಿದ, ಟ್ರ್ಯಾಕ್‌ನಲ್ಲಿ ಓಡಿದ, 2010ರಲ್ಲಿ ಫುಟ್‌ಬಾಲ್ ತಂಡ ಸೇರಿದ. 2013ರ ಡ್ರಾಫ್ಟಿನಲ್ಲಿ ಐದನೆಯವನಾಗಿ ಡೆಟ್ರಾಯಿಟ್ ಲಯನ್ಸ್‌ಗೆ ಹೋದ. ಎಫೆ ಒಬಾಡಾ ನೈಜೀರಿಯಾದಲ್ಲಿ ಹುಟ್ಟಿ ಲಂಡನ್‌ನಲ್ಲಿ ಬೆಳೆದವನು. ಅಲ್ಲಿ ಗೋದಾಮಿನಲ್ಲಿ ಕೆಲಸ, ಲಂಡನ್ ವಾರಿಯರ್ಸ್ ಎಂಬ ಹವ್ಯಾಸಿ ತಂಡದಲ್ಲಿ ಕೆಲವೇ ಪಂದ್ಯ. ಹೊರದೇಶದ ಹುಡುಗರಿಗಾಗಿ ಎನ್‌ಎಫ್‌ಎಲ್ 2017ರಲ್ಲಿ ಶುರು ಮಾಡಿದ ಯೋಜನೆಯ ಮೂಲಕ ಕ್ಯಾರೊಲಿನಾ ಪ್ಯಾಂಥರ್ಸ್ ಸೇರಿ 2018ರಲ್ಲಿ ಮುಖ್ಯ ಪಟ್ಟಿಯಲ್ಲೇ ಜಾಗ ಹಿಡಿದ. ತಂದೆಯ ಕಡೆಯಿಂದ ಭಾರತದ ರಕ್ತ ಇರುವ ಬ್ರ್ಯಾಂಡನ್ ಚಿಲ್ಲರ್ 2004ರಲ್ಲಿ ರ‍್ಯಾಮ್ಸ್ ತಂಡಕ್ಕೆ ಲೈನ್‌ಬ್ಯಾಕರ್ ಆಗಿ ಹೋದ, ಆಮೇಲೆ ಗ್ರೀನ್ ಬೇ ಪ್ಯಾಕರ್ಸ್‌ಗೂ ಆಡಿದ. ಅವನು ಬೆಳೆದದ್ದು ಅಲ್ಲೇ ಅನ್ನಿ.

ಅಂಕಿಗಳನ್ನು ನಂಬುವುದು ಎಷ್ಟು

ದಾಳಿಯವರಿಗೆ ಲೆಕ್ಕ ಸುಲಭ. ಎಷ್ಟು ಗಜ, ಎಷ್ಟು ಟಚ್‌ಡೌನ್, ಅಂದರೆ ಎಷ್ಟು ಸಲ ಚೆಂಡನ್ನು ಎದುರಿನವರ ಗೋಲು ಗೆರೆ ದಾಟಿಸಿದ. ರಕ್ಷಣೆಯವರ ಲೆಕ್ಕ ಹಾಗಲ್ಲ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು.

ದೊಡ್ಡ ಅಂಕಿ ಸ್ಯಾಕ್. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಿದರೆ ಒಂದು ಸ್ಯಾಕ್. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಹಾಗಾಗಿಯೇ 22.5 ಅಂತ ಅಂಕಿ ಕಾಣುವುದು. 2001ರಲ್ಲಿ ಮೈಕಲ್ ಸ್ಟ್ರಾಹನ್ ಒಂದೇ ಸೀಸನ್ನಿನಲ್ಲಿ 22.5 ಮಾಡಿದ. 20 ವರ್ಷ ಕಳೆದು 2021ರಲ್ಲಿ ನಮ್ಮ ಟಿ.ಜೆ. ವಾಟ್ ಅದನ್ನು ಸರಿಗಟ್ಟಿದ, ಅದೂ 15 ಪಂದ್ಯ ಮಾತ್ರ ಆಡಿ. ಇಡೀ ಜೀವಮಾನದ ಲೆಕ್ಕದಲ್ಲಿ ಬ್ರೂಸ್ ಸ್ಮಿತ್ 200, ರೆಜಿ ವೈಟ್ 198.

ಆದರೆ ಒಂದು ಗಂಟು ಇದೆ. ಆಟಗಾರರ ಹೆಸರಿಗೆ ಸ್ಯಾಕ್ ಅಧಿಕೃತವಾಗಿ ಬರೆಯಲು ಶುರು ಮಾಡಿದ್ದೇ 1982ರಲ್ಲಿ. ಟೇಲರ್‌ನ ಮೊದಲ ವರ್ಷದ ಸ್ಯಾಕ್‌ಗಳೇ ಅಧಿಕೃತ ಲೆಕ್ಕದಲ್ಲಿ ಇಲ್ಲ. 1960ರ ದಶಕದಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಆಡಿದ ಡೀಕನ್ ಜೋನ್ಸ್‌ಗೆ ಅಧಿಕೃತವಾಗಿ ಒಂದೂ ಇಲ್ಲ. ಹಳೆಯ ಪಂದ್ಯಗಳ ದಾಖಲೆ ಕೆದಕಿದವರು ಅವನಿಗೆ 170ಕ್ಕಿಂತ ಮೇಲೆ ಕೊಡುತ್ತಾರೆ. ಹಾಗಂತ ಅವನನ್ನು ಈಗಿನವರ ಜೊತೆ ನೇರ ತೂಗುವ ಹಾಗೂ ಇಲ್ಲ. ಜೋನ್ಸ್ ಎದುರಿನವನ ಹೆಲ್ಮೆಟ್ಟಿಗೆ ಅಂಗೈಯಿಂದ ಹೊಡೆದು ತಲೆ ತಿರುಗಿಸಿ ದಾಟುತ್ತಿದ್ದ. 1977ರಲ್ಲಿ ಅದನ್ನು ನಿಷೇಧ ಮಾಡಿದರು. ಮರುವರ್ಷ ಕಾರ್ನರ್‌ಬ್ಯಾಕ್‌ಗಳ ಕೈ ಕಟ್ಟಿದರು. ಐದು ಗಜ ದಾಟಿದ ಮೇಲೆ ಪಾಸ್ ಹಿಡಿಯಲು ಓಡುವವನನ್ನು ತಳ್ಳಬಾರದು. ಸ್ಟೀಲರ್ಸ್‌ನ ಮೆಲ್ ಬ್ಲೌಂಟ್ ಅಷ್ಟು ಒರಟಾಗಿ ತಳ್ಳುತ್ತಿದ್ದುದರಿಂದ ಆ ನಿಯಮಕ್ಕೆ ಅವನ ಹೆಸರೇ ಬಿತ್ತು. ಬೇರೆ ಬೇರೆ ಕಾಲದ ಇಬ್ಬರನ್ನು ಹೋಲಿಸುವಾಗ ಯಾವ ನಿಯಮದಲ್ಲಿ ಆಡಿದರು ಅಂತ ಮೊದಲು ಕೇಳಿ.

ಪಾಸ್ ಕಸಿಯುವ ಲೆಕ್ಕ ಇನ್ನೂ ಮಜಾ. ನೈಟ್ ಟ್ರೇನ್ ಲೇನ್ 1952ರಲ್ಲಿ, ತನ್ನ ಮೊದಲ ವರ್ಷದಲ್ಲೇ, 14 ಇಂಟರ್‌ಸೆಪ್ಷನ್ ಮಾಡಿದ. ಆಗ ಸೀಸನ್ನಿಗೆ 12 ಪಂದ್ಯ. 2021ರಿಂದ 17 ಪಂದ್ಯ ಆಡುತ್ತಾರೆ, ಆದರೂ ಯಾರೂ ಅದನ್ನು ಮುಟ್ಟಿಲ್ಲ. ಹಾಗಾದರೆ ಈಗಿನವರು ಕಳಪೆಯಾ? ನಾಮ್ಡಿ ಅಸೊಮುವಾ ಅಂತ ಓಕ್ಲೆಂಡ್ ರೈಡರ್ಸ್‌ನ ಕಾರ್ನರ್‌ಬ್ಯಾಕ್ ಇದ್ದ. 2006ರಲ್ಲಿ 8 ಪಾಸ್ ಕಸಿದ. 2007ರಲ್ಲಿ 1. 2008ರಲ್ಲಿಯೂ 1. ಅಂಕಿ ಮಾತ್ರ ನೋಡುವವರು ಇವನ ಕತೆ ಮುಗಿಯಿತು ಅನ್ನುತ್ತಾರೆ. ನಿಜ ಏನೆಂದರೆ ಅವನ ಕಡೆಗೆ ಚೆಂಡು ಎಸೆಯುವುದನ್ನೇ ಕ್ವಾರ್ಟರ್‌ಬ್ಯಾಕ್‌ಗಳು ನಿಲ್ಲಿಸಿದ್ದರು. ಒಳ್ಳೆಯ ಕಾರ್ನರ್ ಇರುವ ಬದಿಗೆ ನಮ್ಮಲ್ಲೂ ರೈಡರ್ ಹೋಗುವುದಿಲ್ಲ. ಪಂದ್ಯಾಟ ಮುಗಿದ ಮೇಲೆ ಸ್ಕೋರ್ ಪುಸ್ತಕ ನೋಡಿದರೆ ಅವನ ಹೆಸರಿನ ಮುಂದೆ ಏನೂ ಇರುವುದಿಲ್ಲ. ನಮ್ಮ ಹತ್ತಿರದ ಊರು ಕುಂಬಳೆ ಅಂದರೆ ಎಲ್ಲರಿಗೂ ಅನಿಲ್ ಕುಂಬ್ಳೆ ಮಾತ್ರ ನೆನಪಾಗುವುದು. ತೆಲುಗು ಟೈಟನ್ಸ್‌ಗೆ ಕೋಚ್ ಆಗಿದ್ದ ಜಗದೀಶ್ ಕುಂಬಳೆ ಅವರನ್ನು ಬೆಳೆಸಿದ ಈ ಊರುಗಳ ಕಬಡ್ಡಿ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಟ್ಯಾಕಲ್ ಎಣಿಕೆ. ಇಲ್ಲಿ ಟ್ಯಾಕಲ್ ಅಂದರೆ ನಿಲ್ಲುವ ಜಾಗದ ಹೆಸರಲ್ಲ, ಚೆಂಡು ಹಿಡಿದವನನ್ನು ಕೆಡವುವುದು. ಅದನ್ನು ಬರೆಯುವವರು ಆಯಾ ಮೈದಾನದ ಸ್ಕೋರರ್‌ಗಳು. ಕೆಲವರ ಕೈ ಧಾರಾಳ, ಕೆಲವರದ್ದು ಬಿಗಿ. ನೂರು ಟ್ಯಾಕಲ್ ಅಂತ ಕಂಡರೆ ಸುಮ್ನೆ ಮರುಳಾಗಬೇಡಿ. ಅದರಲ್ಲಿ ಎದುರಿನವನು ಎಂಟು ಗಜ ಓಡಿದ ಮೇಲೆ ಹಿಡಿದದ್ದು ಎಷ್ಟು, ಆಟ ಹೊರಟ ಗೆರೆಗಿಂತ ಹಿಂದೆಯೇ ಕೆಡವಿದ್ದು ಎಷ್ಟು ಅಂತ ನೋಡಿ. ಟ್ಯಾಕಲ್ ಫಾರ್ ಲಾಸ್ ಅನ್ನುವ ಕಾಲಂ ಅದಕ್ಕೇ ಇರುವುದು.

ದುಡ್ಡು

ಡ್ರಾಫ್ಟ್ ಆದವನ ಮೊದಲ ಒಪ್ಪಂದ ನಾಲ್ಕು ವರ್ಷಕ್ಕೆ. ಮೊದಲ ಸುತ್ತಿನಲ್ಲಿ ಬಂದವನಾದರೆ ಐದನೇ ವರ್ಷವೂ ಇಟ್ಟುಕೊಳ್ಳುವ ಹಕ್ಕು ತಂಡಕ್ಕೆ ಇದೆ. 2011ರಿಂದ ಈ ಮೊತ್ತ ಹೆಚ್ಚು ಕಡಿಮೆ ಎಷ್ಟನೆಯವನಾಗಿ ಬಂದ ಅನ್ನುವುದರ ಮೇಲೆಯೇ ನಿಂತಿದೆ, ಚೌಕಾಸಿಗೆ ಜಾಗ ಕಡಿಮೆ. ನಿಜವಾದ ದುಡ್ಡು ಎರಡನೇ ಒಪ್ಪಂದದಲ್ಲಿ. ಅಲ್ಲಿಗೆ ಮುಟ್ಟುವವರೇ ಕಡಿಮೆ, ಯಾಕೆಂದರೆ ಎನ್‌ಎಫ್‌ಎಲ್ ಆಟಗಾರನ ಸರಾಸರಿ ಆಯುಷ್ಯವೇ ಮೂರು ವರ್ಷ ಚಿಲ್ಲರೆ.

ಪೇಪರಿನಲ್ಲಿ ಬರುವ ದೊಡ್ಡ ಮೊತ್ತ ಓದಿ ಬಾಯಿ ಬಿಡಬೇಡಿ. ಗ್ಯಾರಂಟಿ ಎಷ್ಟು ಅಂತ ಹುಡುಕಿ. 2025ರ ಜುಲೈಯಲ್ಲಿ ವಾಟ್ ಮೂರು ವರ್ಷಕ್ಕೆ 123 ಮಿಲಿಯನ್ ಡಾಲರಿನ ಒಪ್ಪಂದ ಮಾಡಿಕೊಂಡ. ಸಾವಿರ ಕೋಟಿ ರೂಪಾಯಿ ದಾಟುತ್ತದೆ. ಅದರಲ್ಲಿ ಗ್ಯಾರಂಟಿ 108 ಮಿಲಿಯನ್, ಅಂದರೆ ಬಹುಪಾಲು. ಅವನು ವಾಟ್ ಆದ್ದರಿಂದ ಹಾಗೆ. ಸಾಮಾನ್ಯ ಆಟಗಾರನಿಗೆ ಗ್ಯಾರಂಟಿ ಇಲ್ಲದ ವರ್ಷಗಳು ಬರೀ ಕಾಗದ. ತಂಡ ಬೇಡ ಅಂದರೆ ಆ ದುಡ್ಡು ಹೋಯಿತು. ಆಗಸ್ಟ್ ಕೊನೆಗೆ 90 ಮಂದಿಯ ಪಟ್ಟಿಯನ್ನು 53ಕ್ಕೆ ಇಳಿಸುತ್ತಾರೆ. ಆ ದಿನದ ಸುದ್ದಿ ತಪ್ಪಿಸಬೇಡಿ. ಹೆಸರು ಹೋದವರಲ್ಲಿ ಕೆಲವರು ಪ್ರಾಕ್ಟೀಸ್ ಸ್ಕ್ವಾಡ್‌ಗೆ, ಅಂದರೆ ಅಭ್ಯಾಸಕ್ಕೆ ಇಟ್ಟುಕೊಳ್ಳುವ ಗುಂಪಿಗೆ, ಬರುತ್ತಾರೆ, ಉಳಿದವರು ಮನೆಗೆ. ಹ್ಯಾರಿಸನ್‌ನಂಥವರು ದಾಟಿ ಬಂದದ್ದು ಇದೇ ಜರಡಿಯನ್ನು.

ಫ್ರಾಂಚೈಸ್ ಟ್ಯಾಗ್ ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ಒಪ್ಪಂದ ಮುಗಿದವನನ್ನು ದೊಡ್ಡ ಸಂಬಳ ಕೊಟ್ಟು ಇನ್ನೊಂದೇ ವರ್ಷ ಕಟ್ಟಿಹಾಕುವ ಉಪಾಯ. ಆಟಗಾರರಿಗೆ ಇದು ಅಷ್ಟು ಇಷ್ಟ ಇಲ್ಲ. ಆ ಒಂದು ವರ್ಷದಲ್ಲಿ ಮೊಣಕಾಲು ಹೋದರೆ?

ಮೈ

ನನ್ನ ಎಡ ಮೊಣಕಾಲು ಈಗ ತೋಟದ ಮೆಟ್ಟಿಲಿಳಿಯುವಾಗ ದಿನಾ ನೆನಪು ಮಾಡುತ್ತದೆ. ಹಾಗಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ಸೀಸನ್ ನಡೆಯುವಾಗ ವಾರವಾರವೂ ಗಾಯದ ಪಟ್ಟಿ ಬರುತ್ತದೆ. ಕ್ವಶ್ಚನೆಬಲ್ ಅಂದರೆ ಆಡಬಹುದು, ಆಡದೆಯೂ ಇರಬಹುದು. ಡೌಟ್‌ಫುಲ್ ಅಂದರೆ ಆಸೆ ಬಿಡಿ. ಔಟ್ ಅಂದರೆ ಔಟ್. ಇಂಜ್ಯೂರ್ಡ್ ರಿಸರ್ವ್ ಅನ್ನುವ ದೊಡ್ಡ ಗಾಯದವರ ಪಟ್ಟಿಗೆ ಹಾಕಿದರೆ ಕನಿಷ್ಠ ನಾಲ್ಕು ಪಂದ್ಯ ಇಲ್ಲ. ನಿಮ್ಮವನ ಅಂಕಿ ಒಂದು ವರ್ಷ ಬಿದ್ದರೆ ಬಯ್ಯುವ ಮೊದಲು ಈ ಪಟ್ಟಿ ತೆಗೆದು ನೋಡಿ.

ಸ್ಟೀಲರ್ಸ್‌ನ ಲೈನ್‌ಬ್ಯಾಕರ್ ರಯಾನ್ ಶೇಝಿಯರ್ 2017ರ ಡಿಸೆಂಬರ್‌ನಲ್ಲಿ ತಲೆ ತಗ್ಗಿಸಿಕೊಂಡು ಒಬ್ಬನನ್ನು ಗುದ್ದಿದ. ಬೆನ್ನುಹುರಿಗೆ ಪೆಟ್ಟು. ಮರುವರ್ಷ ಡ್ರಾಫ್ಟ್ ವೇದಿಕೆಗೆ ನಡೆದುಕೊಂಡು ಬಂದ, ಅದೇ ದೊಡ್ಡದು. ಮತ್ತೆ ಆಡಲಿಲ್ಲ. ತಲೆ ತಗ್ಗಿಸಿ ಹೆಲ್ಮೆಟ್ಟಿನಿಂದ ಗುದ್ದುವುದು 2018ರಿಂದ ಫೌಲ್. ಬಫಲೋ ಬಿಲ್ಸ್‌ನ ಸೇಫ್ಟಿ ಡಮಾರ್ ಹ್ಯಾಮ್ಲಿನ್ 2023ರ ಜನವರಿ 2ರಂದು ಒಂದು ಸಾಮಾನ್ಯ ಟ್ಯಾಕಲ್ ಮಾಡಿ ಎದ್ದು ನಿಂತ, ಹಿಂದಕ್ಕೆ ಬಿದ್ದ. ಎದೆಗೆ ಬಿದ್ದ ಪೆಟ್ಟಿಗೆ ಹೃದಯ ನಿಂತಿತ್ತು. ಮೈದಾನದಲ್ಲೇ ಎದೆ ಒತ್ತಿ ಉಳಿಸಿದರು. ಅದೇ ವರ್ಷ ಮುಂದಿನ ಸೀಸನ್ನಿಗೆ ಅವನು ವಾಪಸು ಬಂದ. ನಮ್ಮ ಕಬಡ್ಡಿ ಪಂದ್ಯಾಟಗಳಲ್ಲಿ ಮೈಕ್ ಸೆಟ್, ಲೈಟಿಂಗ್‌ಗೆ ಖರ್ಚು ಮಾಡುವವರು ಎದೆ ಒತ್ತಲು ಗೊತ್ತಿರುವ ಒಬ್ಬನನ್ನಾದರೂ ಕೂರಿಸಿಕೊಂಡರೆ ಒಳ್ಳೆಯದಿತ್ತು.

ಕಣ್ಣಿಗೆ ಕಾಣದ ಪೆಟ್ಟು ಬೇರೆ. ಜೂನಿಯರ್ ಸೆಯು 20 ಸೀಸನ್ ಆಡಿದ ಲೈನ್‌ಬ್ಯಾಕರ್. 2012ರಲ್ಲಿ 43ನೇ ವಯಸ್ಸಿನಲ್ಲಿ ಜೀವ ಕಳೆದುಕೊಂಡ. ಮಿದುಳು ಪರೀಕ್ಷಿಸಿದಾಗ ಸಿಟಿಇ ಎಂಬ ಕಾಯಿಲೆ ಇತ್ತು. ತಲೆಗೆ ಮತ್ತೆ ಮತ್ತೆ ಪೆಟ್ಟು ತಿಂದವರಲ್ಲಿ ಕಾಣುವ ಕಾಯಿಲೆ ಅದು. ಕನ್‌ಕಶನ್, ಅಂದರೆ ಮಿದುಳು ಅಲುಗುವಂಥ ಪೆಟ್ಟು, ಅಂತ ಗಾಯದ ಪಟ್ಟಿಯಲ್ಲಿ ಕಂಡರೆ ಅದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಮುಂದಿನ ವಾರವೇ ಆಡಲಿ ಅಂತ ಆಸೆಪಡುವುದೂ ಬೇಡ.

ಮಕ್ಕಳು ಇದನ್ನು ನೋಡಿ ಮುರಕಲ್ಲಿನ ಅಂಗಳದಲ್ಲಿ ಒಬ್ಬರ ಮೇಲೊಬ್ಬರು ಹಾರಲು ಶುರು ಮಾಡಿದರೆ ನಿಲ್ಲಿಸಿ. ಅವರಿಗೆ ಫ್ಲ್ಯಾಗ್ ಫುಟ್‌ಬಾಲ್ ಹೇಳಿಕೊಡಿ. ಸೊಂಟಕ್ಕೆ ಎರಡು ಪಟ್ಟಿ ಸಿಕ್ಕಿಸಿ, ಚೆಂಡು ಹಿಡಿದವನ ಪಟ್ಟಿ ಕಿತ್ತರೆ ಅವನನ್ನು ಹಿಡಿದ ಹಾಗೆ. ಕೆಡವುವುದು ಇಲ್ಲ. ತಲಾ ಐದು ಮಂದಿಯ ಈ ಆಟ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಇದೆ. ಹಳೆಯ ಲುಂಗಿ ಹರಿದರೆ ಹತ್ತು ಮಕ್ಕಳಿಗೆ ಪಟ್ಟಿ ಆಗುತ್ತದೆ.

ಯಾವಾಗ ನೋಡುವುದು

ಸೀಸನ್ ಸೆಪ್ಟೆಂಬರ್‌ನಿಂದ ಫೆಬ್ರವರಿ. ಭಾನುವಾರ ಅಮೆರಿಕದ ಪೂರ್ವ ಭಾಗದಲ್ಲಿ ಮಧ್ಯಾಹ್ನ 1ಕ್ಕೆ ಶುರುವಾಗುವ ಪಂದ್ಯ ನಮಗೆ ರಾತ್ರಿ 10.30ಕ್ಕೆ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದೆ ತಿರುಗಿಸಿದ ಮೇಲೆ 11.30. ಅವರ ಭಾನುವಾರ ರಾತ್ರಿಯ ಪಂದ್ಯ ನಮ್ಮ ಸೋಮವಾರ ಬೆಳಗ್ಗೆ 5.50ಕ್ಕೆ, ಚಳಿಗಾಲದಲ್ಲಿ 6.50ಕ್ಕೆ. ತೋಟದವರಿಗೆ ಇದೇ ಅನುಕೂಲ. ಅಂಗಳದಲ್ಲಿ ಅಡಿಕೆ ಹರಡುವಷ್ಟರಲ್ಲಿ ಮೊದಲರ್ಧ ಮುಗಿದಿರುತ್ತದೆ, ಜಾಹೀರಾತೂ ತಪ್ಪುತ್ತದೆ. ಜಾಹೀರಾತು ಅಲ್ಲಿ ಭಯಂಕರ ಜಾಸ್ತಿ. ಸೂಪರ್ ಬೌಲ್ ಫೆಬ್ರವರಿಯಲ್ಲಿ, ನಮ್ಮ ಸೋಮವಾರ ಬೆಳಗ್ಗೆ 5 ಗಂಟೆಗೆ. ಪೂರ್ತಿ ಸೀಸನ್ ಬೇಕಾದವರಿಗೆ ಡಝೋನ್‌ನ ಗೇಮ್ ಪಾಸ್ ಇದೆ, ದುಡ್ಡು ಕೊಡಬೇಕು. ಪ್ರತಿ ಪಂದ್ಯದ ಮುಖ್ಯಾಂಶ ಯೂಟ್ಯೂಬ್‌ನಲ್ಲಿ ಸುಮ್ನೆ ಸಿಗುತ್ತದೆ. ಶುರುವಿಗೆ ಅಷ್ಟೇ ಸಾಕು.

ಆಡಿ ಮುಗಿದ ಮೇಲೆ

ಕೊನೆಯ ಪಂದ್ಯಕ್ಕೆ ಪುಸ್ತಕ ಮುಚ್ಚಬೇಡಿ. ಅಸೊಮುವಾ ಸಿನಿಮಾ ನಿರ್ಮಾಪಕನಾದ, ನಟನೂ ಆದ. ಸ್ಟ್ರಾಹನ್ ಟಿವಿ ನಿರೂಪಕ. ಆದರೆ ನನಗೆ ಎಲ್ಲರಿಗಿಂತ ಹಿಡಿಸಿದವರು ಅಲನ್ ಪೇಜ್. ಮಿನೆಸೋಟ ವೈಕಿಂಗ್ಸ್‌ನ ಟ್ಯಾಕಲ್. ಆಡುತ್ತಾ ಇರುವಾಗಲೇ ಕಾನೂನು ಓದಿ 1978ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಪದವಿ ತೆಗೆದುಕೊಂಡರು. 1993ರಿಂದ 2015ರವರೆಗೆ ಮಿನೆಸೋಟ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ. ಅಲ್ಲಿ 70ಕ್ಕೆ ನಿವೃತ್ತಿ ಆಗಬೇಕು ಅಂತ ನಿಯಮ, ಇಲ್ಲದಿದ್ದರೆ ಇನ್ನೂ ಕೂರುತ್ತಿದ್ದರೋ ಏನೋ. ಇವರ ಊರು ಒಹಾಯೊದ ಕ್ಯಾಂಟನ್. ದೊಡ್ಡ ಆಟಗಾರರನ್ನು ಗೌರವಿಸುವ ಫುಟ್‌ಬಾಲ್ ಹಾಲ್ ಆಫ್ ಫೇಮ್ ಇರುವುದೂ ಅಲ್ಲೇ. ಆ ಕಟ್ಟಡ ಕಟ್ಟುವಾಗ ಹುಡುಗ ಪೇಜ್ ಅಲ್ಲಿ ಕೂಲಿ ಕೆಲಸ ಮಾಡಿದ್ದರು. 1988ರಲ್ಲಿ ಅದೇ ಕಟ್ಟಡದಲ್ಲಿ ಅವರ ಪ್ರತಿಮೆ ಇಟ್ಟರು.

ಹಾಲ್ ಆಫ್ ಫೇಮ್‌ಗೆ ಹೆಸರು ಬರಬೇಕಾದರೆ ಆಟ ನಿಲ್ಲಿಸಿ ಐದು ಸೀಸನ್ ಆಗಬೇಕು. ಟಿ.ಜೆ.ಯ ಅಣ್ಣ ಜೆ.ಜೆ. ವಾಟ್ ಕೂಡ ಮೂರು ಸಲ ವರ್ಷದ ರಕ್ಷಣಾ ಆಟಗಾರ. ಅವನು 2022ರ ಸೀಸನ್ನಿಗೆ ನಿಲ್ಲಿಸಿದ, ಹಾಗಾಗಿ 2028ಕ್ಕೆ ಅರ್ಹ. ಡೊನಾಲ್ಡ್ 2024ರ ಮಾರ್ಚ್‌ನಲ್ಲಿ 111 ಸ್ಯಾಕ್‌ಗೆ ಸಾಕು ಅಂದ, ಅವನ ಸರದಿ 2029ಕ್ಕೆ. ಈಗ ಶುರು ಮಾಡುವವರಿಗೆ ಆ ವರ್ಷಗಳು ಬರುವುದರೊಳಗೆ ಇಬ್ಬರ ಹಳೆಯ ಪಂದ್ಯಗಳನ್ನೂ ನೋಡಿ ಮುಗಿಸಲು ಬೇಕಾದಷ್ಟು ಸಮಯ ಇದೆ. ಜೆ.ಜೆ.ಯದ್ದು 2012 ಮತ್ತು 2014, ಡೊನಾಲ್ಡ್‌ನದ್ದು 2018 ಮೊದಲು ನೋಡಿ.